ಐದು ಸಿರಿಂಜುಗಳ ಸಾಕ್ಷಿ

"ಮೂವತ್ತೆಂಟು!"

ಕಣ್ಣಾಸ್ಪತ್ರೆಯ ಸಹಾಯಕನಾದ ನಾನು ಮತ್ತೊಮ್ಮೆ ಅಳೆದೆ. ಮೂವತ್ತೆಂಟೇ. ಇಪ್ಪತ್ತೊಂದು ದಾಟಬಾರದ ಕಣ್ಣಿನ ಒತ್ತಡ ಇಷ್ಟೇರಿದರೆ ಅಜ್ಜಿ ವಾಂತಿ ಮಾಡಿಕೊಳ್ಳದೆ ಇನ್ನೇನು ಮಾಡಿಯಾರು? ಪಕ್ಕದ ಹಾಸಿಗೆಯ ಮೇಷ್ಟ್ರದ್ದು ಮೂವತ್ತಾರು. ಇಬ್ಬರಿಗೂ ಹಿಂದಿನ ದಿನವಷ್ಟೇ ಪೊರೆ ತೆಗೆದು ಹೊಸ ಮಸೂರ ಕೂರಿಸಿದ್ದಳು ನಮ್ಮ ಪುಟ್ಟ ಡಾಕ್ಟರ್. ಯಾರ ಆಸರೆಯೂ ಇಲ್ಲದೆ ಅವಳು ಮಾಡಿದ ಮೊದಲ ಐದು ಕಣ್ಣುಗಳಲ್ಲಿ ಇವು ಮೂರನೆಯದು, ನಾಲ್ಕನೆಯದು. ಉಳಿದ ಮೂರು ಚೆನ್ನಾಗಿದ್ದವು.

ಅವಳ ಗುರುಗಳಾದ ದೊಡ್ಡ ಡಾಕ್ಟರು ಧಾವಿಸಿ ಬಂದರು. ಅವರು ಹೇಳುತ್ತಾ ನಿಂತರು, ಅವಳೇ ಇಬ್ಬರ ಕಣ್ಣಿನಿಂದಲೂ ಒಂದೆರಡು ಹನಿ ದ್ರವ ಇಳಿಸಿದಳು. ಒತ್ತಡ ತಗ್ಗಿತು. ಆಮೇಲೆ ನಾವು ಮೂವರೂ ದೊಡ್ಡ ಡಾಕ್ಟರ ಕೋಣೆ ಸೇರಿದೆವು, ಬಾಗಿಲು ಮುಚ್ಚಿತು.

"ಜೆಲ್ ಒಳಗೇ ಬಿಟ್ಟಿದ್ದೀಯ!"

ಆಪರೇಷನ್ ನಡೆಯುವಾಗ ಕಣ್ಣಿನೊಳಗೆ ಒಂದು ಪಾರದರ್ಶಕ ಜೆಲ್ ತುಂಬುತ್ತಾರೆ. ಉಪಕರಣ ತಾಗಿ ನಾಜೂಕಾದ ಒಳಪದರ ಕೆಡದಂತೆ ಅದು ಕಾಯುತ್ತದೆ. ಕೊನೆಗೆ ಪೂರ್ತಿ ತೊಳೆದು ತೆಗೆಯಬೇಕು. ಉಳಿದರೆ ಕಣ್ಣಿನ ನೀರು ಹರಿಯುವ ದಾರಿ ಕಟ್ಟಿಕೊಳ್ಳುತ್ತದೆ.

"ಐದನ್ನೂ ತೊಳೆದೆ ಸರ್."

"ಹಾಗಾದ್ರೆ ಒತ್ತಡ ಮೇಲಿಂದ ಉದುರಿತಾ? ನಾಳೆಯಿಂದ ನೀನೊಬ್ಬಳೇ ಮಾಡೋದು ಬೇಡ."

ಅವಳ ಮುಖ ಬಿಳುಚಿತು. ಒಬ್ಬಳೇ ಆಪರೇಷನ್ ಮಾಡುವ ದಿನಕ್ಕಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು.

"ಸ್ವಲ್ಪ ತಡೀರಿ ಡಾಕ್ಟ್ರೇ."

ಬಾಗಿಲಲ್ಲಿ ಹಿರಿಯ ಸಿಸ್ಟರ್. ಮೂವತ್ತೊಂದು ವರ್ಷದಿಂದ ಆಪರೇಷನ್ ಥಿಯೇಟರ್ ಆಳುತ್ತಿರುವವರು. ಬೆನ್ನ ಹಿಂದೆ ನಾವು 'ಭೂತಗನ್ನಡಿ' ಅನ್ನುತ್ತೇವೆ. ಅದು ಅವರಿಗೂ ಗೊತ್ತು. ನಿನ್ನೆ ಅವರಿಗೆ ರಜೆ. ಕೈಯಲ್ಲೊಂದು ತಟ್ಟೆ, ಅದರಲ್ಲಿ ನಂಬರ್ ಹಚ್ಚಿಟ್ಟ ನಿನ್ನೆಯ ಐದು ಜೆಲ್ ಸಿರಿಂಜು. ಮರುದಿನ ರೋಗಿಯ ಕಣ್ಣುಪಟ್ಟಿ ಬಿಚ್ಚುವವರೆಗೆ ಒಂದೂ ಕಸಕ್ಕೆ ಹೋಗಬಾರದೆಂಬುದು ಅವರ ಕಟ್ಟಪ್ಪಣೆ. ಇಷ್ಟು ದಿನ ನಾವದನ್ನು ಹುಚ್ಚು ಅಂದುಕೊಂಡಿದ್ದೆವು.

ಮೊದಲ ಸಿರಿಂಜಿನಲ್ಲಿ ಉಳಿದಿದ್ದ ಹನಿಯನ್ನು ಗಾಜಿನ ಮೇಲೆ ಒತ್ತಿ, ಸೂಜಿಯ ತುದಿಯಿಂದ ಎಳೆದರು. ಇಡೀ ಹನಿ ಮುದ್ದೆಯಾಗಿ ಹಿಂದೆಯೇ ಬಂತು. ಎರಡನೆಯದೂ ಹಾಗೆಯೇ. ಮೂರನೆಯದು—ಬರಲಿಲ್ಲ! ಗಾಜಿಗೆ ಅಂಟಿಕೊಂಡು ಚೂರುಚೂರಾಯಿತು. ನಾಲ್ಕನೆಯದೂ, ಐದನೆಯದೂ ಅಷ್ಟೇ.

"ಇದು ಬೇರೆ ಜೆಲ್. ಕೆಟ್ಟದ್ದೇನಲ್ಲ, ಆದ್ರೆ ಅಂಟಿಕೊಳ್ಳೋ ಜಾತಿ. ತೊಳೆಯೋಕೆ ದುಪ್ಪಟ್ಟು ಹೊತ್ತು ಬೇಕು."

"ಮತ್ತೆ ಐದನೇ ಕಣ್ಣಿಗೆ ಯಾಕೆ ಏರಲಿಲ್ಲ?" ನಾನು ಕೇಳಿದೆ. ಜನ್ಮದಲ್ಲೊಮ್ಮೆ ಬುದ್ಧಿವಂತ ಪ್ರಶ್ನೆ.

ಸಿಸ್ಟರ್ ಥಿಯೇಟರ್ ಪುಸ್ತಕ ತೆರೆದರು. "ಐದನೇದಕ್ಕೆ ನಾಲ್ಕು ನಿಮಿಷ ಜಾಸ್ತಿ ಹಿಡಿದಿದೆ. ಯಾಕೆ ಮಗಳೇ?"

"ಬೆರಳಿಗೆ ಏನೋ ಬೇರೆ ಅನ್ನಿಸ್ತು ಸಿಸ್ಟರ್. ಮಸೂರದ ಹಿಂದೇನೂ ಹೋಗಿ ತೊಳೆದೆ. ಹೊರಗೆ ಬಂದು ಹೇಳೋಣ ಅಂದ್ರೆ, ಸರ್ 'ಆಮೆ ಬಂತು' ಅಂತ ನಕ್ಕುಬಿಟ್ರು."

ಸಿಸ್ಟರ್ ದೊಡ್ಡ ಡಾಕ್ಟರ ಕಡೆ ತಿರುಗಿದರು.

"ಜೆಲ್ ಯಾರು ತೆಗೆದುಕೊಟ್ಟಿದ್ದು?"

"ನಾನೇ," ಎಂದರು ಅವರು. "ಸ್ಟೋರಿನವನು ಬಂದಿರ್ಲಿಲ್ಲ. ಒಂದು ಪೆಟ್ಟಿಗೆ ಎರಡಕ್ಕೇ ಮುಗೀತು, ಇನ್ನೊಂದು ಒಡೆದೆ. ಅದೂ ಅದೇ ಜಾತಿ ಪೆಟ್ಟಿಗೆ."

ಸಿಸ್ಟರ್ ಫ್ರಿಜ್ಜಿನಿಂದ ಎರಡು ಪೆಟ್ಟಿಗೆ ತಂದಿಟ್ಟರು. ಅಳತೆ ಒಂದೇ, ಸಾಸಿವೆ ಕಾಳಿನಂಥ ಅಕ್ಷರ. ಒಂದಕ್ಕೆ ಕಡುನೀಲಿ ಪಟ್ಟಿ, ಇನ್ನೊಂದಕ್ಕೆ ಕಪ್ಪು.

"ಪಟ್ಟಿ ಯಾವ ಬಣ್ಣ ಡಾಕ್ಟ್ರೇ?"

"ಎರಡೂ ಕಪ್ಪು. ಅದಕ್ಕೇನೀಗ?"

ನನ್ನ ಬೆರಳು ನೀಲಿ ಪಟ್ಟಿಯ ಮೇಲೆ ಹೋಯಿತು. ಅವರು ಪೆಟ್ಟಿಗೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ನಮ್ಮ ಮುಖ ನೋಡಿದರು.

"ಎರಡು ತಿಂಗಳಿಂದ ನೀವು ಯಾರ ಕಣ್ಣಿಗೂ ಕೈ ಹಚ್ಚಿಲ್ಲ," ಸಿಸ್ಟರ್ ದನಿ ತಗ್ಗಿತು. "ಮಕ್ಕಳು ಕಲೀಲಿ ಅಂತೀರಿ. ಇವತ್ತೂ ಅವಳ ಕೈಯಲ್ಲೇ ಮಾಡಿಸಿದ್ರಿ. ಕಣ್ಣಲ್ಲಿ ಪೊರೆ ಹಣ್ಣಾದ್ರೆ ಮೊದಲು ನೀಲಿ ಮಂಕಾಗುತ್ತೆ ಅಂತ ನಂಗೆ ಹೇಳಿಕೊಟ್ಟಿದ್ದೇ ನೀವು. ಜೆಲ್ ಬದಲಾಯಿಸಿದ ಕೈ ನಿಮ್ಮದೇ ಡಾಕ್ಟ್ರೇ."

ಊರಿನ ಅರ್ಧ ಕಣ್ಣು ತೆರೆಸಿದ ಮನುಷ್ಯ ಕುರ್ಚಿಗೆ ಕುಸಿದರು. "ಮುಚ್ಚಿಟ್ಟೆ. ನಾಚಿಕೆಯಾಗಿತ್ತು," ಎಂದರು. "ಕತ್ತಿ ಕೆಳಗಿಟ್ಟರೆ ಸಾಕು ಅಂದುಕೊಂಡಿದ್ದೆ."

ಎದ್ದು ನೇರ ವಾರ್ಡಿಗೆ ಹೋದರು. ಅಜ್ಜಿಯ ಕೈ ಹಿಡಿದು, ಮೇಷ್ಟ್ರ ಮುಂದೆ ನಿಂತು, ತಪ್ಪು ತಮ್ಮದೆಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಹೊಸ ಜೆಲ್ ಅಂತ ಯಾರೂ ಹೇಳದೆ, ಅದನ್ನು ಬಳಸಿದ ಮೂರನೇ ಕಣ್ಣಿಗೇ ಬೆರಳಲ್ಲಿ ಕಂಡುಹಿಡೀತಾಳೆ ಈ ಹುಡುಗಿ. ನಂಗೆ ಆ ವಯಸ್ಸಲ್ಲಿ ಆಗ್ತಿರ್ಲಿಲ್ಲ!"

ಸಿಸ್ಟರ್ ಮೂಗೊರೆಸಿಕೊಂಡರು. ನನ್ನ ಎದೆಯಂತೂ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತ್ತು.

ಮರಳಿ ಬಂದವರೇ ನಾಳೆಯ ಆಪರೇಷನ್ ಪಟ್ಟಿ ಎಳೆದುಕೊಂಡರು. ರೋಗಿಯ ಸಾಲಿನಲ್ಲಿ ತಮ್ಮ ಹೆಸರು, ಸರ್ಜನ್ ಸಾಲಿನಲ್ಲಿ ಅವಳ ಹೆಸರು ಬರೆದರು.

"ಸರ್... ನನ್ನ ಪಕ್ಕ, ನಿಮ್ಮ ಜಾಗದಲ್ಲಿ ಯಾರು ನಿಂತ್ಕೋತಾರೆ?"

"ಯಾರೂ ಬೇಡ. ನೀನೊಬ್ಬಳೇ ಮಾಡು."