ನಲವತ್ತೆಂಟನೆಯ ನೀಲಿ ಅಂಗಿ

ಜೋಳಿಗೆ ಬೋರಲಾಯಿತು. ಓಟ್ಸ್ ಹಿಟ್ಟು ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ಸುರಿಯಿತು. ಅದರೊಳಗಿಂದ ಏನೋ ಜಾರಿ ಠಣ್ ಎಂದು ನೆಲಕ್ಕೆ ಬಿತ್ತು — ಬೆಳ್ಳಿಯ ಮುಚ್ಚಳ!

"ನಮ್ಮ ವಕೀಲರ ಹೂಜೀದೇ!" ಗುಮಾಸ್ತ ಲಿಡಲ್ ಬೆರಳು ಚಾಚಿದ. "ನಾನು ಹೇಳಲಿಲ್ವಾ ಸ್ವಾಮಿ? ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಇವನೇ ಮೆಟ್ಟಿಲಿಳಿದು ಹೋದ. ಹೊಸ ನೀಲಿ ಅಂಗಿ, ಎದೆ ಮೇಲೆ ಬಿಲ್ಲೆ, ಒಂದೇ ಕಿವಿ. ಹೂಜಿ ಎಲ್ಲೋ, ಮುದುಕ?"

ಸಾಂಡರ್ಸ್ ಪಿರಿ ಚೆಲ್ಲಿದ ಹಿಟ್ಟನ್ನೇ ನೋಡುತ್ತಿದ್ದ.

ಬಾಗಿಲಲ್ಲಿ ಓಲೆಕಾರ ರೋರಿ ಗನ್ ನಿಂತಿದ್ದ. ಮ್ಯಾಜಿಸ್ಟ್ರೇಟ್ ಕಿನ್ಲಾಕ್‌ಗೆ ಪತ್ರ ತಂದವನು, ಪತ್ರವನ್ನು ಮುದ್ದೆಯಾಗುವಂತೆ ಹಿಸುಕಿದ್ದ. ಹತ್ತು ವರ್ಷದ ಕೆಳಗೆ ಅವನು ಬೆಟ್ಟದ ಸೀಮೆಯಿಂದ ಹಸಿದು ಎಡಿನ್‌ಬರೋಗೆ ಬಂದಿಳಿದಾಗ ಮಲಗಲು ಜಾಗ ಕೊಟ್ಟವನು ಇದೇ ಸಾಂಡರ್ಸ್. ಅವನು ಕಳ್ಳನೇ?

ಕಿನ್ಲಾಕ್ ಮೂಗಿಗೆ ನಶ್ಯ ಏರಿಸಿದ. "ಬೀಡ್ಸ್‌ಮನ್ ಅಂತೆ! ಮುತ್ತಾತಂದಿರ ಕಾಲದಲ್ಲಿ ಬೀಡ್ಸ್‌ಮನ್ ಅಂದ್ರೆ ಒಡೆಯನ ಆತ್ಮಕ್ಕೋಸ್ಕರ ಪ್ರಾರ್ಥನೆ ಮಾಡೋನು. ಅದಕ್ಕೇ ಸಂಬಳ. ಆಮೇಲೆ ಧರ್ಮಛತ್ರದಲ್ಲಿ ಕೂತು ಉಣ್ಣೋ ಮುದುಕ ಅಂತಾಯ್ತು. ಈಗ ಭಿಕ್ಷೆ ಬೇಡೋಕೆ ದೊರೆ ಕೊಟ್ಟ ಬಿಲ್ಲೆ ಕಟ್ಕೊಂಡ ತಿರುಕ. ನೀನು ಇನ್ನೊಂದು ಅರ್ಥ ಸೇರಿಸ್ದೆ ಕಣೋ. ಕಳ್ಳ!"

ಗುಮಾಸ್ತ ನಕ್ಕ.

"ಸಂಜೆ ಐದಕ್ಕೆ ತೀರ್ಪು," ಎಂದ ಕಿನ್ಲಾಕ್. "ಹೂಜಿ ಎಲ್ಲಿ ಅಂತ ಬೊಗಳದಿದ್ರೆ ಬಿಲ್ಲೆ ಕಿತ್ತು, ಚಾಟಿಯೇಟು ಕೊಡಿಸಿ, ಡೋಲು ಬಡಿಸ್ಕೊಂಡು ಊರಾಚೆ."

ಎಪ್ಪತ್ತೊಂದು ವರ್ಷದ ಬೆನ್ನಿಗೆ ಚಾಟಿ! ರೋರಿಯ ರಕ್ತ ಕುದಿಯಿತು. ನಿನ್ನೆ ತಾನೇ ದೊರೆಯ ಹುಟ್ಟುಹಬ್ಬ. ದೊರೆಗೆ ಎಷ್ಟು ವರ್ಷವೋ ಅಷ್ಟು ಮುದುಕರಿಗೆ ಚರ್ಚಿನಲ್ಲಿ ಉಪದೇಶ, ಆಮೇಲೆ ರೊಟ್ಟಿ, ಬಿಯರು, ನೀಲಿ ಅಂಗಿ. ವರ್ಷಕ್ಕೊಬ್ಬ ಮುದುಕ ಹೆಚ್ಚು. ಒಂಬತ್ತು ವರ್ಷ ಕಾದಿದ್ದ ಸಾಂಡರ್ಸ್ ಈ ವರ್ಷದ ಹೊಸಬ, ನಲವತ್ತೆಂಟನೆಯವನು. ಅಷ್ಟು ಕಾದು ಪಡೆದದ್ದನ್ನು ಒಂದೇ ದಿನಕ್ಕೆ ಯಾರಾದರೂ ಕಳೆದುಕೊಳ್ಳುತ್ತಾರೆಯೇ?

ಸೆರೆಮನೆಯ ಕಂಬಿಗೆ ರೋರಿ ಮುಖ ಒತ್ತಿದ.

"ನಿನ್ನೆ ಮೂರು ಗಂಟೆಗೆ ಎಲ್ಲಿದ್ದೆ, ಅಜ್ಜ?"

"ಕಾಲ್ಟನ್ ಗುಡ್ಡದ ಮೇಲೆ."

"ಯಾರಾದ್ರೂ ನೋಡಿದ್ರಾ?"

"ಯಾರೂ ನೋಡಬಾರ್ದು ಅಂತಾನೇ ಹೋಗಿದ್ದೆ."

"ಊರೆಲ್ಲಾ ಹಬ್ಬ ಮಾಡ್ತಿದ್ರೆ ಗುಡ್ಡಕ್ಕೆ ಯಾಕೆ?"

"ಒಬ್ಬರಿಗೆ ಮಾತು ಕೊಟ್ಟಿದೀನಿ. ಹೇಳಲ್ಲ."

"ನಿನ್ನ ಚರ್ಮ ಸುಲೀತಾರೆ ಕಣೋ!"

"ಸುಲೀಲಿ."

ರೋರಿ ಕಂಬಿಗೆ ಗುದ್ದಿದ. "ಹೋಗ್ಲಿ, ವಕೀಲರ ಮನೆ ಮೆಟ್ಟಿಲು ಯಾವಾಗ ಹತ್ತಿದ್ದು?"

"ಇವತ್ತು ಬೆಳಿಗ್ಗೆ. ಮೊದಲನೇ ಸುತ್ತು. ಆ ಗುಮಾಸ್ತರೇ ಕೈಯಾರೆ ಹಿಟ್ಟು ಹಾಕಿದ್ರು. ದೊಡ್ಡ ಮನಸ್ಸು. ಒಂದು ಗಂಟೆ ಕಳೆದಿತ್ತೇನೋ, ಸಿಪಾಯಿ ಬಂದು ಹಿಡ್ಕೊಂಡ."

ರೋರಿ ತಲೆ ತಗ್ಗಿಸಿದ. ಕಣ್ಣು ಮುದುಕನ ಅಂಗಿಯ ಅಂಚಿನ ಮೇಲೆ ನಿಂತಿತು. ನೀಲಿ ಬಟ್ಟೆಗೆ — ಬಿಳಿ ದಾರ? ನಿನ್ನೆ ಚರ್ಚಿನಿಂದ ಮೆರವಣಿಗೆಯಲ್ಲಿ ಬಂದ ಅಂಗಿಗಳಿಗೆಲ್ಲ ಅಂಚು ನೀಲಿ ದಾರದ್ದೇ.

ಅವನು ಓಡಿದ.

ದೊರೆಯ ಅಂಗಿಗಳನ್ನು ಹೊಲಿಯುವ ಗ್ರಿಜೆಲ್ ಟಾಡ್ ಕಿಟಕಿಯ ಬಳಿ ಕೂತಿದ್ದಳು. ಒಳಗೆ ಅವಳ ಕುರುಡು ತಾಯಿ ಕೆಮ್ಮುತ್ತಿದ್ದಳು.

"ನೀಲಿ ದಾರ ಯಾವಾಗ ಮುಗೀತು, ಗ್ರಿಜೆಲಕ್ಕ?"

ಸೂಜಿ ನಿಂತಿತು. "ಯಾರು ಹೇಳಿದ್ದು? ಆ ಮುದುಕನಾ?"

"ಅವನು ಹೇಳ್ತಿಲ್ಲ. ಅವನ ಬಾಯಿ ಬಿಡಿಸೋಕೆ ಚಾಟಿ ತರ್ತಿದಾರೆ."

ಅವಳು ಬಿಳಿಚಿಕೊಂಡಳು. ಒಳಕೋಣೆಯ ಕಡೆ ನೋಡಿದಳು. ಆಮೇಲೆ ಎದ್ದು ಶಾಲು ಎಳೆದುಕೊಂಡಳು. "ಹಾಳಾಗ್ಲಿ! ಆ ಗೂಬೆಗೆ ಹೇಳ್ಬೇಡ ಅಂದಿದ್ದೆ ನಿಜ. ಸಾಯಿ ಅಂದಿದ್ದೆನಾ? ನಡಿ."

ಐದು ಗಂಟೆ. ಕಿನ್ಲಾಕ್ ಲೇಖನಿ ಅದ್ದುವ ಹೊತ್ತಿಗೆ ರೋರಿ ನುಗ್ಗಿದ.

"ಗುಮಾಸ್ತರಿಗೆ ಎರಡೇ ಪ್ರಶ್ನೆ, ಸ್ವಾಮಿ!"

"ಓಲೆ ಹೊರೋನಿಗೆ ಪ್ರಶ್ನೆ ಬೇರೆ ಕೇಡು," ಎಂದ ಲಿಡಲ್.

"ಕೇಳ್ಲಿ ಬಿಡಿ," ಕಿನ್ಲಾಕ್ ಆಕಳಿಸಿದ.

"ನಿನ್ನೆ ಮೂರಕ್ಕೆ ಇವನು ಹಾಕಿದ್ದು ಹಳೇ ಕಂದು ಕೋಟಲ್ಲ ತಾನೇ?"

"ನಂಗೇನು ಕಣ್ಣು ಕುರುಡಾ? ಹೊಸ ನೀಲಿ ಅಂಗಿ. ಬಟ್ಟೆ ಗರಿಗರಿ ಅಂತಿತ್ತು."

"ಇದೇ ಅಂಗಿ? ಪ್ರಮಾಣ ಮಾಡ್ತೀರಾ?"

"ಇದೇ. ದೇವರಾಣೆ!"

ಗ್ರಿಜೆಲ್ ಮುಂದೆ ಬಂದಳು. "ನಿನ್ನೆ ಮೂರಕ್ಕೆ ಆ ಅಂಗಿ ನನ್ನ ಮೇಜಿನ ಮೇಲೆ ತೋಳಿಲ್ದೆ ಬಿದ್ದಿತ್ತು, ಸ್ವಾಮಿ."

ಅವಳು ಸಾಂಡರ್ಸ್‌ನ ಅಂಗಿಯ ಅಂಚನ್ನು ಎತ್ತಿ ಹಿಡಿದಳು.

"ಹೋದ ವರ್ಷದ ಲೆಕ್ಕದಲ್ಲೇ ನಲವತ್ತೇಳು ಕತ್ತರಿಸ್ದೆ. ದೊರೆಗೆ ಒಂದು ವರ್ಷ ಜಾಸ್ತಿ ಆಗಿದೆ ಅನ್ನೋದೇ ಮರ್ತುಹೋಯ್ತು. ಹೊಸಬನಿಗೆ ಬಿಲ್ಲೆ ಸಿಕ್ತು, ಅಂಗಿ ಇಲ್ಲ. ಯಾರಿಗೂ ಹೇಳ್ಬೇಡ, ನನ್ನ ಕೆಲಸ ಹೋಗತ್ತೆ ಅಂತ ಕೈ ಮುಗಿದೆ. ಸರಿ ಅಂದ, ಅದೇ ಕಂದು ಕೋಟಲ್ಲೇ ಎಲ್ಲೋ ಅಡಗಿಕೊಂಡ. ಇವತ್ತು ಬೆಳಿಗ್ಗೆ ಆರಕ್ಕೆ ಅಂಗಿ ಕೊಟ್ಟೆ. ನೋಡಿ — ದಾರ ಸಾಲದೆ ಅಂಚಿಗೆ ಬಿಳಿ ಹಾಕಿದೀನಿ."

ಲಿಡಲ್ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

"ಕೇಳಿ ಸ್ವಾಮಿ," ಎಂದ ರೋರಿ. "ಈ ಮನುಷ್ಯ ಅಜ್ಜನನ್ನ ಮೊದಲು ನೋಡಿದ್ದೇ ಇವತ್ತು ಬೆಳಿಗ್ಗೆ, ನೀಲಿ ಅಂಗೀಲಿ. ನಿನ್ನೆ ಹಬ್ಬದ ದಿನ, ಎಲ್ಲಾ ಮುದುಕರೂ ನೀಲಿಯಲ್ಲೇ ಇದ್ರು ಅಂದ್ಕೊಂಡ. ಊರಲ್ಲಿ ಯಾರೇ ಆಗಿದ್ರೂ ಹಾಗೇ ಅಂದ್ಕೋತಿದ್ರು. ಅದಕ್ಕೇ ಸುಳ್ಳಿಗೆ ಧೈರ್ಯ ಬಂತು. ಇನ್ನು ಮುಚ್ಚಳ? ಐದು ವರ್ಷದಿಂದ ಆ ಮನೆಗೆ ಓಲೆ ತರ್ತಿದೀನಿ. ತಿರುಕರಿಗೆ ಹಿಟ್ಟು ಹಾಕೋದು ಕೆಲಸದವಳು. ಈ ಮಹಾರಾಯ ಒಂದು ರೊಟ್ಟಿ ಚೂರೂ ಕೊಟ್ಟೋನಲ್ಲ. ಇವತ್ತು ಮಾತ್ರ ಬಟ್ಟಲು ಹಿಡಿದು ಬಾಗಿಲಿಗೆ ಬಂದ! ಹಿಟ್ಟಿನ ಜೊತೆ ಏನು ಹಾಕ್ದ?"

"ಸುಳ್ಳು! ಹೂಜಿ ತೋರಿಸು!"

"ತೋರಿಸ್ತೀನಿ. ನಿನ್ನೆ ನಾಲ್ಕಕ್ಕೆ ನಮ್ಮ ಇನ್ನೊಬ್ಬ ಓಲೆಕಾರನ ತಲೆ ಮೇಲೆ ವಿಗ್ಗಿನ ಪೆಟ್ಟಿಗೆ ಹೊರಿಸಿ ನಿನ್ನ ಕೋಣೆಗೆ ಕಳಿಸ್ದೆಯಲ್ಲ? ಕೂದಲು ಇಷ್ಟು ಭಾರ ಇರತ್ತಾ ಅಂತ ದಾರಿಯುದ್ದಕ್ಕೂ ಬೈಕೊಂಡು ಹೋದನಂತೆ, ಈಗ ಬರುವಾಗ ಅವನೇ ಹೇಳ್ದ. ಕಳ್ಳ ನೀನೇ ಕಣೋ, ಲಿಡಲ್!"

ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಬಂತು. ವಿಗ್ಗಿನ ಕೆಳಗೆ ಹೂಜಿ — ಮುಚ್ಚಳವಿರಲಿಲ್ಲ.

ಲಿಡಲ್‌ನನ್ನು ಸಿಪಾಯಿಗಳು ಹಿಡಿದುಕೊಂಡರು. ಗ್ರಿಜೆಲ್ ಅಲುಗಾಡದೆ ನಿಂತಿದ್ದಳು. ತನ್ನ ಸರದಿ ಬಂತು ಎಂದು ಅವಳಿಗೆ ಗೊತ್ತಿತ್ತು.

ಕಿನ್ಲಾಕ್ ಅವಳನ್ನೇ ನೋಡಿದ. ಗಂಟಲು ಸರಿಮಾಡಿಕೊಂಡ. "ದೊರೆಗೆ ನಲವತ್ತೆಂಟು. ಅಂಗಿ ನಲವತ್ತೆಂಟು. ಏನು ಕಡಿಮೆ ಆಗಿದೆಯಮ್ಮಾ? ಹೋಗು, ತಾಯಿಗೆ ಗಂಜಿ ಮಾಡು."

ಅವಳು ಕುಸಿದು ಬೆಂಚಿನ ಮೇಲೆ ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ. ಸಾಂಡರ್ಸ್ ಮೇಜಿನ ಮೇಲಿನ ಹಿಟ್ಟನ್ನು ಬೊಗಸೆ ಬೊಗಸೆಯಾಗಿ ಜೋಳಿಗೆಗೆ ತುಂಬಿಕೊಂಡ.

ಬೀದಿಗಿಳಿದಾಗ ಇನ್ನೂ ಬಿಸಿಲಿತ್ತು. ರೋರಿಯ ಎದೆ ಹಗುರಾಗಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ. "ಬೆಳಿಗ್ಗೆ ಹಿಟ್ಟು ಇಸ್ಕೊಂಡು ಏನು ಮಾಡ್ದೆ, ಅಜ್ಜ?"

"ಮಾಡೋದೇನು? ಬೀಡ್ಸ್‌ಮನ್ ಅಲ್ವಾ? ಮೆಟ್ಟಿಲ ಮೇಲೇ ಮಂಡಿಯೂರಿ ಅವನಿಗೋಸ್ಕರ ಪ್ರಾರ್ಥನೆ ಮಾಡ್ದೆ."

"ಆ ಕಳ್ಳನನ್ಮಗನಿಗಾ? ವಾಪಸ್ ತಗೋ!"

"ಕೊಟ್ಟದ್ದನ್ನ ವಾಪಸ್ ತಗೋತಾರೇನೋ ಪೆದ್ದ?" ಸಾಂಡರ್ಸ್ ಜೋಳಿಗೆಯನ್ನು ಹೆಗಲಿಗೇರಿಸಿದ. "ಇನ್ಮೇಲೆ ಅವನಿಗೆ ಬೇಕಾಗತ್ತೆ. ಇರ್ಲಿ ಬಿಡು."