ದೋಣಿಯಲ್ಲಿ ನಾಲ್ಕೇ ಜಾಗ

“ನಾವು ಐದು ಜನ. ದೋಣೀಲಿ ನಾಲ್ಕೇ ಜನಕ್ಕೆ ಜಾಗ. ಯಾರನ್ನ ಬಿಟ್ಟು ಹೋಗೋಣ? ಎಲ್ಲರೂ ಓಟ್ ಹಾಕಿ!”

ಇಷ್ಟು ಟೈಪ್ ಮಾಡಿ ಚೂಟಿ ‘ಸೆಂಡ್’ ಒತ್ತಿಯೇಬಿಟ್ಟಳು. ಅಮ್ಮನ ಫೋನನ್ನು ಮಡಿಲಲ್ಲಿಟ್ಟುಕೊಂಡು, ಕಾಲು ಅಲ್ಲಾಡಿಸುತ್ತ ಕಾದಳು.

ಆ ಗ್ರೂಪಿನ ಹೆಸರು ‘ಗೋಡೆ ಪತ್ರಿಕೆ ಕಮಿಟಿ’. ಕ್ಲಾಸಿನ ಹೊರಗಿನ ಬೋರ್ಡಿಗೆ ತಿಂಗಳಿಗೊಮ್ಮೆ ಕತೆ, ಚಿತ್ರ, ಸುದ್ದಿ ಅಂಟಿಸುವುದು ಅವರ ಕೆಲಸ. ಕಮಿಟಿಯಲ್ಲಿ ಇದ್ದವರು ಚೂಟಿ, ಕ್ಲಾಸಿನ ಕ್ಯಾಪ್ಟನ್, ಅವಳಿ ಅಣ್ಣತಮ್ಮಂದಿರು, ಮತ್ತೆ ಮುತ್ತು. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ ಇತ್ತು. ಅದಕ್ಕೇ ಟೀಚರ್ ಆ ಹೆಸರಿಟ್ಟಿದ್ದರು. ಬೋರ್ಡಿನ ತಲೆಬರಹಗಳೆಲ್ಲ ಅವಳದೇ. ಮಾತು ಮಾತ್ರ ಬಲು ಕಮ್ಮಿ.

ದೋಣಿಯ ಪ್ರಶ್ನೆ ಚೂಟಿಯ ಸ್ವಂತದ್ದೇನಲ್ಲ. ಕಾಲೇಜಿನಲ್ಲಿ ಪಾಠ ಮಾಡುವ ಚಿಕ್ಕಮ್ಮ ಭಾನುವಾರ ಬಂದಾಗ ಕೇಳಿದ್ದು. “ಇದಕ್ಕೆ ಲ್ಯಾಬ್ ಬೇಡ, ಸಾಮಾನು ಬೇಡ. ತಲೆಯೊಳಗೇ ಮಾಡೋ ಪ್ರಯೋಗ ಇದು,” ಎಂದಿದ್ದಳು ಚಿಕ್ಕಮ್ಮ. ಅವಳ ದೋಣಿಯಲ್ಲಿ ಒಬ್ಬ ಡಾಕ್ಟರು, ಒಬ್ಬ ಬಡಗಿ, ಒಬ್ಬ ಅಡುಗೆಯವನು, ಹೀಗೆ ಯಾರ‍್ಯಾರೋ ಇದ್ದರು. ಚೂಟಿ ಅವರನ್ನೆಲ್ಲ ಕೆಳಗಿಳಿಸಿ ಕಮಿಟಿಯವರನ್ನು ಹತ್ತಿಸಿದ್ದಳು.

ಟಿಂಗ್! ಕ್ಯಾಪ್ಟನ್ ಉತ್ತರ ಬಂತು. “ಮುತ್ತು ಬೇಡ. ಅವಳು ಮಾತೇ ಆಡಲ್ಲ. ಬೋರ್.”

ಟಿಂಗ್! ಅವಳಿಗಳು ಒಂದೇ ಫೋನಿನಿಂದ ಬರೆದಿದ್ದರು. “ನಾವಿಬ್ರೂ ಬಿಟ್ಟಿರಲ್ಲ. ಮುತ್ತೂನೇ ಬಿಡೋಣ. ಎರಡು ಓಟು!” ಕೆಳಗೆ ಸಾಲಾಗಿ ನಗುವ ಮುಖಗಳು.

ಚೂಟಿ ಎರಡೂ ಉತ್ತರಗಳನ್ನು ಮತ್ತೊಮ್ಮೆ ಓದಿದಳು. ಆಟ ಸಾಕು ಎಂದು ಬರೆಯಬಹುದಿತ್ತು. ಕ್ಯಾಪ್ಟನ್ ಹೆಸರು ಬರೆಯೋಣವೆಂದರೆ ಅವನು ವಾರವಿಡೀ ಮುಖ ಊದಿಸಿಕೊಳ್ಳುತ್ತಾನೆ. ಮುತ್ತುವಿಗಂತೂ ಸಿಟ್ಟೇ ಬರುವುದಿಲ್ಲ.

“ನಂದೂ ಮುತ್ತುಗೇ,” ಎಂದು ಬರೆದಳು.

ಮುತ್ತುವಿನ ಅಮ್ಮ ಟೈಲರ್. ಅಂಗಡಿಗೆ ಬರುವವರು ಕಮ್ಮಿಯಾದ ಮೇಲೆಯೇ ಮಗಳ ಕೈಗೆ ಫೋನು. ಆರು ಗಂಟೆಗೆ ಮುತ್ತು ಏನೋ ಬರೆಯುತ್ತಿರುವುದು ಫೋನಿನಲ್ಲಿ ಕಾಣಿಸಿತು. ನಿಂತಿತು. ಮತ್ತೆ ಕಾಣಿಸಿತು. ಮತ್ತೆ ನಿಂತಿತು. ಕೊನೆಗೆ ಒಂದು ಸಾಲು ಬಂತು.

“ಸರಿ, ನೀವು ನಾಲ್ಕೂ ಜನ ಹೋಗಿ. ನನಗೆ ಈಜು ಬರುತ್ತೆ.”

ಕ್ಯಾಪ್ಟನ್ ಹೆಬ್ಬೆರಳು ಕಳಿಸಿದ. ಅವಳಿಗಳು ಒಂದು ಮೀನು ಕಳಿಸಿದರು. ಚೂಟಿ ತನ್ನ ಪ್ರಶ್ನೆಯನ್ನು ಡಿಲೀಟ್ ಮಾಡಿದಳು. ಪ್ರಶ್ನೆ ಹೋಯಿತು. ಉತ್ತರಗಳು ಹಾಗೇ ಉಳಿದವು.

ಮಾರನೇ ದಿನ ಮುತ್ತು ಸ್ಕೆಚ್ ಪೆನ್ನಿನ ಡಬ್ಬಿಯನ್ನೂ ಅರ್ಧ ಬರೆದ ತಲೆಬರಹವನ್ನೂ ತಂದು ಟೀಚರ ಮೇಜಿನ ಮೇಲಿಟ್ಟಳು.

“ಟೀಚರ್, ನಾನು ಕಮಿಟಿ ಬಿಡ್ತೀನಿ. ಅಂಗಡೀಲಿ ಅಮ್ಮಂಗೆ ಸಹಾಯ ಮಾಡ್ಬೇಕು.”

“ಅಯ್ಯೋ, ಹೌದಾ?” ಎಂದರು ಟೀಚರ್. ಕ್ಯಾಪ್ಟನ್ ಕಿಟಕಿಯತ್ತ ನೋಡಿದ. ಚೂಟಿ ಶೂಸಿನ ದಾರ ಬಿಚ್ಚಿ, ಮತ್ತೆ ಕಟ್ಟಿದಳು.

ಸ್ಕೂಲ್ ಬಿಟ್ಟ ಮೇಲೆ ಅವಳು ಸೀದಾ ಟೈಲರ್ ಅಂಗಡಿಗೆ ಹೋದಳು. ಸಾರಿ ಎಂದು ಹೇಳಿ ಬೇಗ ಮನೆಗೆ ಹೋಗಿಬಿಡಬೇಕು, ಅಷ್ಟೇ.

ಹೊಲಿಗೆ ಮಷೀನು ನಿಂತಿತು. “ಏನಮ್ಮ, ಬಟ್ಟೆ ಕೊಡೋದಿತ್ತಾ?”

“ಇಲ್ಲ ಆಂಟಿ. ನಾನು ಮುತ್ತು ಜೊತೆ ಕಮಿಟೀಲಿ...”

“ಓಹೋ, ಚೂಟಿ ಅಂದ್ರೆ ನೀನೇನಾ!” ಮುತ್ತುವಿನ ಅಮ್ಮನ ಮುಖ ಅರಳಿತು. “ಬಾ, ಬಾ. ನಿನ್ನ ಹೆಸರು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ! ಮನೆಗೆ ಬಂದ್ರೆ ಅವಳ ಬಾಯಿಗೆ ಬೀಗಾನೇ ಇಲ್ಲ. ಚೂಟಿ ಹೀಗಂದ್ಲು, ಅವಳಿಗಳು ಕುರ್ಚಿಗೆ ಗಮ್ ಮೆತ್ತಿದ್ರು, ನಾವೆಲ್ಲ ನಕ್ಕು ನಕ್ಕು ಸುಸ್ತಾದ್ವಿ... ಒಂದಾ ಎರಡಾ! ಇವತ್ತು ಕಮಿಟಿಗೆ ರಜಾ ಅಂತೆ?”

ಚೂಟಿ ‘ಹೂಂ’ ಎಂದು ತಲೆಯಾಡಿಸಿದಳು.

ಪರದೆಯ ಹಿಂದೆ ಮುತ್ತು ನೆಲದ ಮೇಲೆ ಕೂತು ಗುಂಡಿಗಳನ್ನು ಬೇರೆ ಬೇರೆ ಮಾಡುತ್ತಿದ್ದಳು. ಚೂಟಿಯನ್ನು ಕಂಡು ಅವಳ ಕೈ ನಿಂತಿತು.

“ಅದು ಬರೀ ಪ್ರಶ್ನೆ, ಮುತ್ತು,” ಎಂದಳು ಚೂಟಿ ಮೆಲ್ಲಗೆ. “ದೋಣಿಗೀಣಿ ಎಲ್ಲ ಸುಳ್ಳು.”

“ಗೊತ್ತು. ದೋಣಿ ಸುಳ್ಳು.” ಮುತ್ತು ಒಂದು ಗುಂಡಿಯನ್ನು ಬೆರಳುಗಳ ನಡುವೆ ತಿರುಗಿಸಿದಳು. “ಓಟೂ ಸುಳ್ಳಾ?”

ಸುಳ್ಳು ಎಂದುಬಿಡಬಹುದಿತ್ತು.

“ಅಮ್ಮಂಗೆ ಹೇಳ್ಬೇಡ,” ಎಂದಳು ಮುತ್ತು. “ನೀವೆಲ್ಲ ನನ್ನ ಫ್ರೆಂಡ್ಸು ಅಂದ್ಕೊಂಡಿದಾರೆ.”

ಆಚೆ ಮಷೀನು ಮತ್ತೆ ಟಕಟಕ ಎನ್ನತೊಡಗಿತು. ಚೂಟಿ ತಂದಿದ್ದ ‘ಸಾರಿ’ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಈಗ ಅದು ತೀರಾ ಚಿಕ್ಕದಾಗಿ ಕಂಡಿತು. ಅದನ್ನು ಹೇಳಿ ಹೊರಟುಬಿಟ್ಟರೆ ತನ್ನ ಭಾರ ಇಳಿಯುತ್ತದೆ. ಮುತ್ತುವಿನದು?

ಅವಳು ಬ್ಯಾಗು ಕೆಳಗಿಟ್ಟು, ಸ್ವಲ್ಪ ದೂರದಲ್ಲೇ ಕೂತಳು. ರಾಶಿಯಿಂದ ಒಂದು ಹಿಡಿ ಗುಂಡಿಯನ್ನು ತನ್ನತ್ತ ಎಳೆದುಕೊಂಡಳು. ಮುತ್ತು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ರಾಶಿ ಅರ್ಧದಷ್ಟು ಕರಗಿದ ಮೇಲೆ, ತಲೆಯೆತ್ತದೆ ಮುತ್ತು ಅಂದಳು: “ಎರಡು ತೂತಿಂದು ಆ ಡಬ್ಬಿಗೆ ಹಾಕು.”

ಚೂಟಿ ಒಂದೊಂದೇ ಗುಂಡಿಯನ್ನು ಬೆಳಕಿಗೆ ಹಿಡಿದು, ತೂತು ಎಣಿಸಿ, ಸದ್ದಾಗದಂತೆ ಡಬ್ಬಿಯೊಳಗೆ ಇಡುತ್ತ ಹೋದಳು.