ಅರ್ಜಿಯಲ್ಲಿ ಬಿಟ್ಟುಹೋದ ಗಂಡ

ಆನಂದಪ್ಪನನ್ನು ಅಮೆರಿಕಕ್ಕೆ ಓದಲು ಕಳಿಸಲು ಹಿಡಿದ ಖರ್ಚು ಇಷ್ಟು: ಹೊಸಬಾಳೆಯಲ್ಲಿ ತಾಯಿ ಹುಲಿಯಮ್ಮನ ಪಾಲಿನ ಗದ್ದೆ, ಹೆಣ್ಣು ಕೊಟ್ಟ ಮಾವ ಶಿಕಾರಿಪುರದ ಸದಾಶಿವಪ್ಪನವರ ಎಣ್ಣೆ ಗಾಣ, ಹೆಂಡತಿ ತುಂಗಮ್ಮನ ಸೊಂಟದ ಡಾಬು. ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಗೆ ಓದು ಮುಗಿಯಿತು. ಆನಂದಪ್ಪ ಬರಲಿಲ್ಲ, ಕಾಗದ ಬಂತು.

ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ತುಂಗಮ್ಮ ಅದನ್ನು ಅತ್ತೆಗೆ ಓದಿ ಹೇಳಿದಳು. ಪಾಸಾದ ಪರದೇಶದ ಹುಡುಗರು ಅಲ್ಲೇ ಉಳಿದು ಕೆಲಸ ಕಲಿಯಲು ಕಾನೂನಿನಲ್ಲಿ ದಾರಿಯಿದೆಯಂತೆ. ಟ್ರಾಕ್ಟರ್ ಕಾರ್ಖಾನೆಯೊಂದು ಸೇರಿಸಿಕೊಂಡಿದೆಯಂತೆ. ಅಲ್ಲಿಯ ಸರ್ಕಾರ ಒಪ್ಪಿಗೆ ಕೊಡುವುದು ಆರಾರು ತಿಂಗಳಿಗೆ, ಹೆಚ್ಚೆಂದರೆ ಒಂದೂವರೆ ವರ್ಷ. ಆಮೇಲೆ ಊರಿಗೆ ಮರಳಲೇಬೇಕು. ಪೂರ್ತಿ ಕಲಿತು ಬಂದರೆ ಬೊಂಬಾಯಿಯ ಕಂಪನಿಯಲ್ಲಿ ಕೆಲಸ ಖಂಡಿತ.

ಹುಲಿಯಮ್ಮ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. "ಪಾಸಾದ ಮೇಲೆ ಎಂಥದೇ ಕಲಿಯೋದು? ಯಾವಳೋ ಕಲಿಸ್ತಾ ಇರ್ಬೇಕು."

ಕಾಗದದ ಜೊತೆ ಬಂದ ಫೋಟೋದಲ್ಲಿ ಟ್ರಾಕ್ಟರಿನ ಪಕ್ಕ ನಿಂತವರ ನಡುವೆ ಒಬ್ಬಳು ಬಿಳಿ ಹೆಂಗಸು ನಗುತ್ತಿದ್ದಳು. ತುಂಗಮ್ಮ ಅದನ್ನು ಹಗಲೆಲ್ಲ ತೆಗೆದು ತೆಗೆದು ನೋಡಿದಳು. ಆ ಹೆಂಗಸು ನೋಡುತ್ತಿದ್ದುದು ಯಾರನ್ನು…? ಗಂಡನನ್ನು ಹಿಡಿದಿಟ್ಟುಕೊಳ್ಳಲು ಬಾರದವಳೆಂದು ಅತ್ತೆ ಊಟಕ್ಕೆ ಬಡಿಸುವಾಗಲೂ ಹಂಗಿಸುತ್ತಿದ್ದಳು. ಸೊಸೆಯ ಒಳಗೂ ಅದೇ ಮಾತು ಕೊರೆಯುತ್ತಿತ್ತು.

ಕೊನೆಗೆ ಹುಲಿಯಮ್ಮ ಸೊಸೆಯನ್ನು ಸೊರಬಕ್ಕೆ ಕರೆದುಕೊಂಡು ಹೋದಳು. ತಾಲೂಕು ಕಚೇರಿಯ ಎದುರು ಅರ್ಜಿ ಬರೆಯುವ ಉಚ್ಚಂಗಪ್ಪ ಎಲ್ಲ ಕೇಳಿ, ಆ ಒಪ್ಪಿಗೆ ಕೊಡುವ ಅಮೆರಿಕದ ಸಾಹೇಬರಿಗೆ ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿದ. ಗಂಡ ತನ್ನನ್ನು ಬಿಟ್ಟಿದ್ದಾನೆ, ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ, ಜನ್ಮದಲ್ಲಿ ಊರಿಗೆ ಬರುವುದಿಲ್ಲವಂತೆ, ತಾನೂ ಮುದಿ ಅತ್ತೆಯೂ ಉಪವಾಸ ಸಾಯುತ್ತಿದ್ದೇವೆ, ಅವನನ್ನು ಊರಿಗೆ ಕಳಿಸಿಕೊಡಬೇಕು…

"ಇಷ್ಟೆಲ್ಲ ಆಗಿಲ್ವಲ್ಲ ರೀ," ಎಂದಳು ತುಂಗಮ್ಮ.

"ಅರ್ಜಿ ಅಂದ್ರೆ ಹಂಗೇ ತಾಯಿ. ಹಸಿವು ಅಂತ ಬರದ್ರೆ ಸಾಹೇಬ್ರು ಅಜೀರ್ಣ ಅಂತಾರೆ. ಸಾಯ್ತೀನಿ ಅಂತ ಬರದ್ರೆ, ಹಸಿವು ಅಂತ ತಿಳ್ಕಂತಾರೆ. ಅರ್ಧ ಕಳ್ದೇ ಓದೋದು ಅವ್ರು."

ಸೊರಬದ ಕಚೇರಿಯ ಮಟ್ಟಿಗೆ ಅದು ನಿಜವೂ ಆಗಿತ್ತು. ಒಲ್ಲೆ ಎನ್ನಬಹುದಿತ್ತು. ತುಂಗಮ್ಮನಿಗೆ ಫೋಟೋದ ನಗು ಕಣ್ಣ ಮುಂದೆ ಬಂತು, ಸಹಿ ಹಾಕಿದಳು.

ಅಮೆರಿಕದ ಅಧಿಕಾರಿ ಅರ್ಧ ಕಳೆಯದೆ ಓದಿದ. ಒಪ್ಪಿಗೆ ಸಿಗುವುದು ಊರಿಗೆ ಮರಳುವವರಿಗೆ ಮಾತ್ರ. ಇವನು ಮರಳುವುದಿಲ್ಲವೆಂದು ಕಟ್ಟಿಕೊಂಡ ಹೆಂಡತಿಯೇ ಬರೆದಿದ್ದಾಳೆ. ಎರಡನೆಯ ಆರು ತಿಂಗಳು ಸಿಗಲಿಲ್ಲ.

ಶಿವರಾತ್ರಿಗೆ ಮುಂಚೆ ಆನಂದಪ್ಪ ಬಸ್ಸಿನಿಂದ ಒಂದು ಟ್ರಂಕಿನೊಡನೆ ಇಳಿದ. ಅವನ ಹಿಂದೆ ಇನ್ಯಾರಾದರೂ ಇಳಿಯುತ್ತಾರೇನೋ ಎಂದು ಹುಲಿಯಮ್ಮ ಬಸ್ಸು ಹೊರಡುವ ತನಕ ನೋಡಿದಳು. ಯಾರೂ ಇಳಿಯಲಿಲ್ಲ. ಫೋಟೋದ ಹೆಂಗಸು ಸಂಬಳ ಬಟವಾಡೆ ಮಾಡುವ ಗುಮಾಸ್ತೆ. ಅವಳ ಹೆಸರೂ ಅವನಿಗೆ ಸರಿಯಾಗಿ ತಿಳಿದಿರಲಿಲ್ಲ.

ಊಟದ ಎಲೆಯ ಮುಂದೆ ಅವನು ಕೇಳಿದ: "ಅವ್ವಾ, ಆ ಅರ್ಜೀನ ನಂಗೆ ತೋರಿಸಿದ್ರು. ಸಹಿ ಇವಳದ್ದು. ಮಾತು ಯಾರದ್ದು?"

ಹುಲಿಯಮ್ಮನ ಕೈಯ ಸೌಟು ನಿಂತಿತು. ತುಂಗಮ್ಮ ತಲೆ ಎತ್ತಿದಳು.

"ಮಾತು ಅರ್ಜಿ ಬರೆಯೋರದ್ದು. ಅನುಮಾನ ನಂದು… ಯಾರೂ ಕೈ ಹಿಡ್ದು ಸಹಿ ಹಾಕಿಸ್ಲಿಲ್ಲ."

"ಸುಳ್ಳು ಕಣೋ," ಎಂದಳು ಹುಲಿಯಮ್ಮ. "ಸೊರಬಕ್ಕೆ ಎಳ್ಕಂಡು ಹೋದವಳು ನಾನು. ಅವಳನ್ನ ಅನ್ನಬ್ಯಾಡ."

ಸೊಸೆಯ ಪರವಾಗಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ಆನಂದಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. "ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲೇ, ತುಂಗಾ…"

ಬೊಂಬಾಯಿಯ ಕೆಲಸ ಪೂರ್ತಿ ಕಲಿತು ಬಂದ ಬೇರೊಬ್ಬನಿಗೆ ಹೋಯಿತು. ಆನಂದಪ್ಪ ಶಿಕಾರಿಪುರದಲ್ಲಿ ಪಂಪು ರಿಪೇರಿಯ ಅಂಗಡಿ ಇಟ್ಟ. ತುಂಗಮ್ಮನಿಗೆ ಗಂಡ ಮನೆಗೆ ಬಂದ, ಅತ್ತೆ ತನ್ನವಳಾದಳು. ಗಂಡ ಮನಸ್ಸು ಬಿಚ್ಚಿ ಅವಳೊಡನೆ ಮಾತಾಡುವುದು ಮಾತ್ರ ನಿಂತುಹೋಯಿತು.